ಬಿಳಿ ಅಂಗಿ ಮತ್ತು ನವರಂಗ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಒಂಬತ್ತನೆಯ ಕ್ಲಾಸಿನ ನಡುವೆ, ಒಂದು ಶುಕ್ರವಾರ. ವಾರ ಸಮೇತ ನೆನಪಿರುವುದಕ್ಕೆ ಕಾರಣವಿದೆ. ಮರುದಿನ ವಿಜ್ಞಾನದ ಮೇಷ್ಟ್ರು ಇಡೀ ಕ್ಲಾಸನ್ನು ಕೆಂಗೇರಿ ಆಚೆಯ ಕಾಡಿಗೆ, ನವರಂಗ ಹಕ್ಕಿ ತೋರಿಸಲು ಕರೆದುಕೊಂಡು ಹೋದರು. ಅದೇ ಹೊತ್ತಿಗೆ ನಾನು ಕಾಮಾಕ್ಷಿಪಾಳ್ಯದ ಲೇತ್ ಶಾಪೊಂದರಲ್ಲಿ ಕಬ್ಬಿಣದ ಚೂರು ಗುಡಿಸುತ್ತಿದ್ದೆ. ಅಪ್ಪನ ಕೈ ಮಷೀನಿಗೆ ಸಿಕ್ಕಿತ್ತು. ಮನೆಗೆ ದುಡಿಯುವ ಕೈ ಬೇಕಿತ್ತು. ಅದಕ್ಕೆ ನನಗೆ ದುಃಖವಿಲ್ಲ. ಆ ಕೆಲಸ ಕಲಿತೇ ಸ್ವಂತ ಶಾಪು ಇಟ್ಟೆ, ಮಾರೇನಹಳ್ಳಿಯಲ್ಲಿ ಮನೆ ಕಟ್ಟಿದೆ. ಹಕ್ಕಿ ಮಾತ್ರ ಹಾಗೇ ಉಳಿಯಿತು.

ರಾಜಾಜಿನಗರದ ಕಡೆ ನವರಂಗ್ ಎಲ್ಲಿ ಎಂದರೆ ಜನ ಬಸ್ ಸ್ಟಾಪು ತೋರಿಸುತ್ತಾರೆ. ನಾನು ಹೇಳುತ್ತಿರುವ ನವರಂಗ ಚಳಿಗಾಲಕ್ಕೆ ಉತ್ತರದಿಂದ ಹಾರಿ ಬಂದು, ಪೊದೆಯಡಿಯ ತರಗೆಲೆ ಕೆದಕುತ್ತ ಓಡಾಡಿ, ಬೇಸಗೆಗೆ ವಾಪಸು ಹೋಗುತ್ತದೆ. ಮೈಮೇಲೆ ಅಷ್ಟು ಬಣ್ಣವಿದ್ದೂ ಯಾರ ಕಣ್ಣಿಗೂ ಬೀಳದ ಹಾಗೆ ಇರುತ್ತದೆ. ಅಂಥ ಬಣ್ಣ ನನಗಿದ್ದಿದ್ದರೆ ದಿನವೂ ಮೆಜೆಸ್ಟಿಕ್ಕಿಗೆ ಹೋಗಿ ಒಂದು ಸುತ್ತು ಬರುತ್ತಿದ್ದೆ.

ಹೋದ ವರ್ಷದ ಚಳಿಯಲ್ಲಿ, ಭಾನುವಾರ ಬೆಳಿಗ್ಗೆ ಅದೇ ಕಾಡಿಗೆ ಹಕ್ಕಿ ನೋಡಲು ಹೋಗುವವರ ಗುಂಪಿಗೆ ಸೇರಿದೆ. ಡಾಕ್ಟರು, ಇಂಜಿನಿಯರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ವಾರಿಜಾ ಮೇಡಂ. ವಾರವಿಡೀ ಎಣ್ಣೆ ಮೆತ್ತಿದ ಖಾಕಿಯಲ್ಲಿರುವವನು ಅಂಥವರ ನಡುವೆ ಹೇಗೆ ನಿಲ್ಲಬೇಕು? ನೀಲಿ ಹಾಕಿ ಒಗೆಸಿ, ಗಂಜಿ ಕೊಟ್ಟು, ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಹೋದೆ. ಆ ಚಳಿಗಾಲ ಪೂರ್ತಿ ನಾನು ಕಾಲಿಟ್ಟ ಕಡೆಯೆಲ್ಲ ಹಕ್ಕಿ ಎದ್ದುಹೋಯಿತು. ಕಾಡಿನಲ್ಲಿ ಟ್ಯೂಬ್‌ಲೈಟು ನಡೆದು ಬಂದರೆ ಯಾವ ಹಕ್ಕಿ ಕೂತೀತು? ಗುಂಪಿನವರು ಸಭ್ಯರು, ಬಾಯಿಬಿಡಲಿಲ್ಲ. ಈ ಸಲ ಡಿಸೆಂಬರಿನಲ್ಲಿ ಮೇಡಂ ಪಕ್ಕಕ್ಕೆ ಕರೆದರು.

“ಬೇಜಾರು ಮಾಡ್ಕೋಬೇಡಿ. ಬಿಳಿ ಕಂಡ್ರೆ ಹಕ್ಕಿ ಹತ್ರ ಬರಲ್ಲ. ಮಾಸಿದ ಬಟ್ಟೆ ಯಾವುದಾದ್ರೂ ಇದ್ಯಾ ಮನೇಲಿ?”

ಮನೆಗೆ ಬಂದು ಹೆಂಡತಿಯ ಮುಂದೆ ಸಿಡಿಮಿಡಿಗೊಂಡೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಮೂವತ್ತು ವರ್ಷದಿಂದ ನಿಮ್ಮ ಮಾಸಿದ ಖಾಕೀನೇ ಒಗೀತಾ ಇದೀನಿ. ಈಗ ಯಾರೋ ಮರ್ಯಾದೆಯಿಂದ ಅದನ್ನ ಹಾಕ್ಕೊಂಡು ಬನ್ನಿ ಅಂದ್ರೆ ಕೋಪನಾ?”

ಎರಡು ವಾರ ಹಠ ಮಾಡಿ ಹೋಗಲಿಲ್ಲ. ಮೂರನೆಯ ಭಾನುವಾರ ಖಾಕಿ ತೊಟ್ಟು ಹೋದೆ. ಸಿಪಿಲೆ ಹಕ್ಕಿಯೊಂದು ನನ್ನ ಚಪ್ಪಲಿಯ ಹತ್ತಿರವೇ ಬಂದು ಬಾಲ ಕುಣಿಸಿತು. ಆಗ ಕೇಳಿಸಿತು, ಮೇಡಂ ಹೇಳಿಕೊಟ್ಟಿದ್ದ ಎರಡೇ ಸ್ವರದ ಸಿಳ್ಳೆ. ನವರಂಗ! ಓಡುವ ಮಷೀನಿನಲ್ಲಿ ಯಾವ ಬೇರಿಂಗು ಸವೆದಿದೆಯೆಂದು ಸದ್ದಿನಲ್ಲೇ ಹೇಳುವ ಕಿವಿ ನನ್ನದು. ಬಂಡೆಯ ಎಡಕ್ಕೆ, ಎರಡನೆಯ ಪೊದೆ ಎಂದು ಬೆರಳು ತೋರಿಸಿದೆ. ದುರ್ಬೀನುಗಳೆಲ್ಲ ಅತ್ತ ತಿರುಗಿದವು, ಎಲ್ಲರೂ ನೋಡಿದರು. ನನ್ನ ಹತ್ತಿರ ದುರ್ಬೀನಿಲ್ಲ, ಇನ್ನೊಬ್ಬರದನ್ನು ಬೇಡುವ ಅಭ್ಯಾಸವೂ ಇಲ್ಲ. ಮೇಡಂ ತಾವಾಗಿಯೇ ಕೊಟ್ಟರು. ನಾನು ಕಣ್ಣಿಗಿಡುವಷ್ಟರಲ್ಲಿ ಅಲ್ಲಿ ಬರೀ ತರಗೆಲೆ.

ಹಕ್ಕಿಯ ದನಿ ಕೇಳಿದರೂ ಕಂಡಂತೆಯೇ ಎಂಬುದು ಈ ಗುಂಪಿನ ಪದ್ಧತಿ. “ಕಿವಿಗೆ ಬಿತ್ತಲ್ಲ, ಲೆಕ್ಕಕ್ಕೆ ಸೇರುತ್ತೆ, ಬರ್ಕೊಳ್ಳಿ,” ಎಂದರು ಮೇಡಂ.

“ಬೇಡ ಮೇಡಂ. ಅಳತೆ ನೋಡ್ದೆ ಕೆಲಸ ಮುಗೀತು ಅನ್ನೋದು ನಮ್ ಶಾಪಲ್ಲಿಲ್ಲ.”

ಜಂಬವೇ ಇರಬಹುದು. ಆದರೆ ವಾಪಸು ಬರುವಾಗ ಕೆಂಗೇರಿ ಉಪನಗರದ ಸಿಗ್ನಲಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡಿದ್ದಾಗ ಇನ್ನೊಂದು ಹೊಳೆಯಿತು. ಬರೆದುಕೊಂಡುಬಿಟ್ಟರೆ, ಕ್ಲಾಸಿನ ಜೊತೆ ಹೋಗಲಾಗದ ಆ ಶನಿವಾರ ಅಲ್ಲಿಗೆ ಮುಗಿಯುತ್ತದೆ. ಇಷ್ಟು ವರ್ಷ ಕಾದದ್ದನ್ನು ಸದ್ದಿಗೆ ಕೊಟ್ಟುಬಿಡಲು ಮನಸ್ಸಾಗಲಿಲ್ಲ. ಹಿಂದಿನವರು ಹಾರ್ನು ಹೊಡೆದಾಗಲೇ ಹಸಿರು ದೀಪ ಕಂಡದ್ದು.

ಈಗ ನನ್ನ ಹತ್ತಿರ ಇರುವುದು ಎರಡು ಲೇತು, ನಾಲ್ಕು ಬಿಳಿ ಅಂಗಿ, ಕಾಡಿಗೆಂದೇ ಎತ್ತಿಟ್ಟ ಒಂದು ಖಾಕಿ, ನೋಟ್‌ಬುಕ್ಕಿನಲ್ಲಿ ಹನ್ನೊಂದು ಹಕ್ಕಿ, ಹನ್ನೆರಡನೆಯದಕ್ಕೆ ಖಾಲಿ ಬಿಟ್ಟ ಒಂದು ಸಾಲು.