ಸೋಪಿನ ಪುಡಿಯಲ್ಲಿ ತೊಳೆದ ಗಾಜಿನ ಕೊಳವೆಗಳು

ಬನಶಂಕರಿಯಲ್ಲಿ ನನ್ನದೊಂದು ಸ್ಕೂಟರ್ ಗ್ಯಾರೇಜು. ನಾನು ಓದಿದ್ದು ಎಂಟನೆಯ ಕ್ಲಾಸು. ಮನೆಯಲ್ಲಿ ಓದೆಲ್ಲ ತಂಗಿಯದು; ಅವಳು ಕಾಲೇಜಿನಲ್ಲಿ ನೀರಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಅದಕ್ಕೆ ಅವಳಿಗೆ ಬೇಕಾದದ್ದು ಮೊಟ್ಟೆಯ ಚಿಪ್ಪು. ಅಮ್ಮ ಅದನ್ನು ಹೊಸಿಲು ದಾಟಲು ಬಿಡಲಿಲ್ಲ.

"ಸುಟ್ಟು ಪುಡಿ ಮಾಡಿರ್ತೀನಮ್ಮ, ಆಮೇಲದು ಬರೀ ಸುಣ್ಣ," ಎಂದಳು ತಂಗಿ.

"ಸುಣ್ಣ ಆದ್ರೂ ಕೋಳಿದೇ ತಾನೆ," ಎಂದಳು ಅಮ್ಮ.

ಹೀಗಾಗಿ ಸಾಮಾನೆಲ್ಲ ಗ್ಯಾರೇಜಿನ ಹಿಂದಿನ ಕೋಣೆಗೆ ಬಂತು. ಕಾಲೇಜಿನಲ್ಲೇ ಇಡಬಹುದಿತ್ತು. "ಅಲ್ಲಿ ಯಾರ್ಯಾರೋ ಮುಟ್ತಾರೆ, ಇಲ್ಲಾದ್ರೆ ನೀನಿರ್ತೀಯ," ಎಂದಿದ್ದಳು. ಆ ಮಾತಿನಿಂದ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಂದ ಗಿರಾಕಿಗಳಿಗೆಲ್ಲ ಆ ಕೋಣೆ ತೋರಿಸುತ್ತಿದ್ದೆ.

ಕೆಲಸ ಕಷ್ಟದ್ದೇನಲ್ಲ. ಸುಟ್ಟ ಚಿಪ್ಪಿನ ಪುಡಿಯನ್ನು ಗಾಜಿನ ಕೊಳವೆಗಳಲ್ಲಿ ತುಂಬುವುದು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಿಂದ ತಂದ ಕೊಳಚೆ ನೀರನ್ನು, ಅಂದರೆ ಅವರು ಅರ್ಧಂಬರ್ಧ ಶುದ್ಧ ಮಾಡಿ ಕೆರೆಗೆ ಬಿಡುವ ನೀರನ್ನು, ಮೇಲಿನಿಂದ ಹನಿಹನಿಯಾಗಿ ಬಿಡುವುದು. ನೀರಿನಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ಈ ಪುಡಿಗೆ ಅಂಟಿಕೊಳ್ಳುತ್ತದೆ. ಕೆರೆಯಲ್ಲಿ ಪಾಚಿ ಬೆಳೆಸುವುದು ಈ ರಂಜಕವೇ. ಅದನ್ನು ಹೀರಿದ ಪುಡಿಯನ್ನು ಗಿಡಕ್ಕೆ ಗೊಬ್ಬರವಾಗಿ ಹಾಕಬಹುದು. ಕೆಳಗೆ ಇಳಿದ ನೀರಿಗೆ ಅವಳು ಏನೋ ಒಂದು ದ್ರಾವಣ ಬೆರೆಸುತ್ತಿದ್ದಳು; ನೀಲಿ ಬಣ್ಣ ಬಂದರೆ ರಂಜಕ ಇನ್ನೂ ಉಳಿದಿದೆ ಎಂದರ್ಥ. ಅವಳ ಬಾಟಲಿಗಳಲ್ಲಿ ನೀಲಿ ಬರುತ್ತಲೇ ಇರಲಿಲ್ಲ.

ಆಯುಧಪೂಜೆಯ ಹೊತ್ತಿಗೆ ತಂಗಿ ಗೆಳತಿಯರ ಜೊತೆ ಮೈಸೂರಿಗೆ ಹೋಗಿದ್ದಳು. ನಾನು ಸ್ಪ್ಯಾನರ್, ಜಾಕಿ, ಗಾಳಿ ಹೊಡೆಯುವ ಪಂಪು ಎಲ್ಲವನ್ನೂ ಸೋಪಿನ ಪುಡಿ ಹಾಕಿ ತಿಕ್ಕಿದೆ. ಖಾಲಿ ಮಾಡಿಟ್ಟಿದ್ದ ಅವಳ ಕೊಳವೆಗಳು ಕಣ್ಣಿಗೆ ಬಿದ್ದವು. ನನ್ನ ಸ್ಪ್ಯಾನರಿಗೆ ಪೂಜೆ ಆಗಿ, ಅವಳ ವಿದ್ಯೆಯ ಸಾಮಾನಿಗೆ ಆಗದಿದ್ದರೆ ಹೇಗೆ? ಕೊಳವೆ, ಬಾಟಲಿ, ಬಕೆಟ್ಟು ಎಲ್ಲವನ್ನೂ ಅದೇ ನೊರೆಯಲ್ಲಿ ಅದ್ದಿ, ಬ್ರಷ್ಷಿನಲ್ಲಿ ಉಜ್ಜಿ, ಕುಂಕುಮವಿಟ್ಟು ಸೇವಂತಿಗೆ ಏರಿಸಿದೆ. ಅವಳು ಬರುವಷ್ಟರಲ್ಲಿ, ನೋಡಿದರೆ ನಗುತ್ತಾಳೆಂದು ಹೂವು ತೆಗೆದು ಕುಂಕುಮ ಒರೆಸಿಟ್ಟಿದ್ದೆ.

ಬಂದವಳು ಹೊಸ ಪುಡಿ ತುಂಬಿ ನೀರು ಬಿಟ್ಟಳು. ಕಡುನೀಲಿ. ಮತ್ತೆ ಮಾಡಿದಳು. ಮತ್ತೆ ನೀಲಿ.

ಚಿಪ್ಪು ಕೊಡುತ್ತಿದ್ದ ಎಗ್‌ರೈಸ್ ಗಾಡಿಯವನ ಹತ್ತಿರ ಹೋಗಿ, "ಈ ಸಲ ಯಾವ ಮೊಟ್ಟೆ ತಂದಿದ್ರಿ?" ಎಂದು ಜಗಳಕ್ಕೆ ನಿಂತಳು.

"ಅದನ್ನ ಕೋಳಿನೇ ಕೇಳ್ಬೇಕು ಮೇಡಂ," ಎಂದ ಅವನು.

ಅವಳು ನಗಲಿಲ್ಲ. ಗ್ಯಾರೇಜಿಗೆ ಬಂದು, ಕಷ್ಟಪಟ್ಟು ಸುಟ್ಟು ಜರಡಿ ಹಿಡಿದಿದ್ದ ಪುಡಿಯ ಡಬ್ಬವನ್ನು ಕಸದ ಚೀಲಕ್ಕೆ ಸುರಿದಳು. ಕೆರೆಗೆ ರಂಜಕ ಬರುವುದೇ ನಮ್ಮ ಬಚ್ಚಲಿನಿಂದ, ಬಟ್ಟೆ ಒಗೆಯುವ ಪುಡಿಯಿಂದ ಎಂದು ಅವಳೇ ಒಮ್ಮೆ ಹೇಳಿದ್ದು ಆಗ ನನಗೆ ನೆನಪಾಯಿತು. ನೀಲಿ ಬರಿಸಿದ್ದು ಕೊಳವೆಗಳಲ್ಲಿ ಉಳಿದಿದ್ದ ನನ್ನ ಸೋಪೇ. ನಾನು ಚೀಲದ ಬಾಯಿ ಹಿಡಿದುಕೊಂಡೇ ಇದ್ದೆ. 'ಇಲ್ಲಾದ್ರೆ ನೀನಿರ್ತೀಯ' ಎಂದಿದ್ದವಳಿಗೆ ಹೇಗೆ ಹೇಳಲಿ? ಚೀಲದ ಬಾಯಿ ಕಟ್ಟಿ ಹೊರಗಿಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಬಂದು ಟೈರಿನ ಮೇಲೆ ಕುಳಿತಳು.

"ನಾಳೆ ನಮ್ ಗೈಡ್ ಮೇಡಂಗೆ ಹೇಳ್ಬಿಡ್ತೀನಿ ಅಣ್ಣ. ಈ ಪುಡಿ ಆಗಲ್ಲ, ಬೇರೆ ವಿಷಯ ತಗೋತೀನಿ ಅಂತ."

ಕೈಯಲ್ಲಿದ್ದ ಕಾರ್ಬ್ಯುರೇಟರ್ ಕೆಳಗಿಟ್ಟೆ. "ಪುಡಿ ಸರಿಯಾಗೇ ಇದೆ ಕಣೇ. ಹಬ್ಬಕ್ಕೆ ನಾನು ಕೊಳವೆ ತೊಳೆದೆ. ಸೋಪಿನ ಪುಡಿ ಹಾಕಿ."

"ಬಾಟಲಿ?"

"ಅದನ್ನೂ."

"ಬಕೆಟ್ಟು?"

"ಅದನ್ನೂ. ಪೂಜೇನೂ ಮಾಡ್ದೆ."

ಅವಳು ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ಭುಜ ಕುಲುಕಿಸಿ ನಗುತ್ತಿದ್ದಳು. "ಮಂಗಳಾರತಿ?"

"ಎತ್ತಿದೆ."

ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ನಾನು ಡಬ್ಬ ಸುರಿಯೋವಾಗ ಚೀಲ ಹಿಡ್ಕೊಂಡಿದ್ದು ನೀನೇ ಅಲ್ವಾ?"

"ನಾನೇ," ಎಂದೆ.

ಎಗ್‌ರೈಸ್ ಗಾಡಿಯವನ ಕ್ಷಮೆ ಕೇಳಿ ಹೊಸ ಚಿಪ್ಪು ತಂದವನು ನಾನು. "ಕೋಳಿ ಮೇಲಿನ ಕಂಪ್ಲೇಂಟ್ ವಾಪಸ್ ತಗೊಂಡ್ರಾ ಸಾರ್?" ಎಂದು ಎರಡು ಚೀಲ ತುಂಬಿ ಕೊಟ್ಟ. ಗಾಜು, ಬಕೆಟ್ಟು ಎಲ್ಲವನ್ನೂ ತಂಗಿ ಆಸಿಡ್ಡಿನಲ್ಲಿ ತಾನೇ ತೊಳೆದಳು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಹೊಸ ಪುಡಿಯಿಂದ ಇಳಿದ ನೀರಿಗೆ ದ್ರಾವಣ ಬೆರೆಸಿ ಇಬ್ಬರೂ ಕಾದೆವು. ನೀರು ತಿಳಿಯಾಗಿಯೇ ಉಳಿಯಿತು.

"ಇಷ್ಟು ದಿನ ಏನಾಗಿತ್ತು ಅಂತ ಮೇಡಂ ಕೇಳ್ತಾರೆ. ಏನು ಹೇಳ್ಲಿ?"

"ನಮ್ಮಣ್ಣ ತೊಳೆದ ಅಂತ ಹೇಳು."

"ಅಷ್ಟೇನಾ?"

"ತೊಳೆದು, ಗೊತ್ತಾದ್ಮೇಲೂ ಸುಮ್ನಿದ್ದ ಅಂತಾನೂ ಹೇಳು."

ಅವಳು ಅಲ್ಲೇ ಫೋನ್ ಮಾಡಿ, ನನ್ನ ಮುಖ ನೋಡುತ್ತಲೇ, ಮಂಗಳಾರತಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಹೊರಗೆ ಗಿರಾಕಿಯೊಬ್ಬ ಹಾರ್ನ್ ಹೊಡೆಯುತ್ತಿದ್ದ. ಅವಳ ಮಾತು ಮುಗಿಯುವವರೆಗೆ ನಾನು ಕದಲಲಿಲ್ಲ.