ದೀಪದ ಗೂಡಿನಲ್ಲಿ ಹಾದ ವೈರು

ಚಾಮರಾಜಪೇಟೆಯ ಆ ಮನೆಯನ್ನು ಕಟ್ಟಿಸಿದ ದೊಡ್ಡಬೈರಪ್ಪನವರಿಗೆ ಗೋಡೆಯೆಂದರೆ ಗೋಡೆಯಾಗಿರಬೇಕಿತ್ತು. ಮಾಗಡಿ ಕಡೆಯಿಂದ ಬಂದು ರಾಗಿ ಮಂಡಿಯಲ್ಲಿ ಕಾಲೂರಿಕೊಂಡ ಮನುಷ್ಯ, ಫಿರಂಗಿ ಬಂದರೂ ಅಲ್ಲಾಡಬಾರದೆಂಬ ಹಟದಲ್ಲಿ ಕಲ್ಲು ಗಾರೆ ಹಾಕಿ ಕಟ್ಟಿಸಿದರು. ಫಿರಂಗಿ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಂದದ್ದು ವೈಫೈ, ಅದೂ ಬೀದಿಕೋಣೆಗೆ ಬಂದು ಅಲ್ಲಿಯೇ ಠಿಕಾಣಿ ಹೂಡಿಬಿಟ್ಟಿತು. ನಡುಮನೆ, ದೇವರಮನೆ ದಾಟಿ ಹಿಂದಿನ ಕೋಣೆಗೆ ಹೋಗೆಂದರೆ ಹೋಗಲೊಲ್ಲದು. ಹಿಂದಿನ ಕೋಣೆಯಲ್ಲಿ ದೊಡ್ಡಬೈರಪ್ಪನವರ ಮೊಮ್ಮಗ ಅನಿಲ್ ಕುಮಾರ್ ಮಲಗಿದ್ದ. ಅವನ ಹೆಂಡತಿ ಬಿಂದುವಿಗೆ ವೈಫೈ ಬೇಕಾಗಿದ್ದದ್ದು ಅಲ್ಲಿಯೇ.

ಅನಿಲ್ ಮಲಗುವ ಪೈಕಿ ಅಲ್ಲ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ಮಂಡಿ ಇಟ್ಟಿದ್ದವನು. ನಸುಕಿನಲ್ಲಿ ಸೇವಂತಿಗೆ ಕುಕ್ಕೆಗಳ ನಡುವೆ ನಿಂತು ಹರಾಜು ಕೂಗಿದರೆ ಬಸ್ಸಿನ ಹಾರನ್ನು ಸಪ್ಪೆಯಾಗಬೇಕು, ಅಂಥ ಗಂಟಲು. ಮನೆಯಲ್ಲೂ ಅದೇ ಗಂಟಲು. ಬಿಂದುವಿನದು ಇದಕ್ಕೆ ತದ್ವಿರುದ್ಧ. ಅವಳು ನಡುಮನೆಯಿಂದ ಕರೆದರೆ ಅಡಿಗೆಮನೆಗೆ ಕೇಳಿಸುತ್ತಿರಲಿಲ್ಲ. ಇವಳನ್ನು ಮಂಡಿಯಲ್ಲಿ ನಿಲ್ಲಿಸಿದ್ದರೆ ಗಿರಾಕಿ ಬರುವಷ್ಟರಲ್ಲಿ ಹೂವೆಲ್ಲ ಬಾಡಿಹೋಗುತ್ತಿತ್ತು ಎಂದು ಅನಿಲ್ ನೆಂಟರನ್ನು ನಗಿಸುತ್ತಿದ್ದ. ಅವಳು ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ಹರಾಜು ಕೂಗುತ್ತ ಕೂಗುತ್ತಲೇ ಅವನು ಕುಕ್ಕೆಗಳ ಮೇಲೆ ಕುಸಿದ. ಲಕ್ವ ಹೊಡೆದಿತ್ತು. ಎಡಗೈ ಆಡುತ್ತಿತ್ತು, ಬಲಗೈ, ಬಲಗಾಲು ಅಷ್ಟಿಷ್ಟೇ ಉಳಿದವು. ಮಾತು ಮಾತ್ರ ಪೂರ್ತಿ ಹೋಯಿತು. ಕಿತ್ತುಕೊಳ್ಳುವವನು ಬೇರೇನನ್ನಾದರೂ ಕಿತ್ತುಕೊಳ್ಳಬಹುದಿತ್ತು. ಆ ವಿಷಯದಲ್ಲಿ ಬಿಂದು ದೇವರನ್ನು ಇಂದಿಗೂ ಕ್ಷಮಿಸಿಲ್ಲ.

ಮಂಡಿ ಬೇರೆಯವರ ಪಾಲಾಯಿತು. ಬಿಂದು ಆರೋಗ್ಯ ವಿಮೆಯ ಕಂಪನಿಯೊಂದಕ್ಕೆ ಸೇರಿದಳು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಸ್ಪತ್ರೆ ಬಿಲ್ಲು ಪಾಸಾಗಲಿಲ್ಲವೆಂದು ಬೈಯುವವರ ಬೈಗುಳವನ್ನೆಲ್ಲ ಕೇಳಿ ಸಮಾಧಾನ ಹೇಳುವ ಕೆಲಸ. ಯಾರಿಗೂ ಕೇಳಿಸದ ಅವಳ ದನಿ ಅಲ್ಲಿ ಎಲ್ಲರಿಗೂ ಹಿತವಾಗಿ ಕೇಳಿಸಿತು. ಮನೆಯಿಂದಲೇ ಕೆಲಸ, ಈಗ ಆ ದನಿಯ ಮೇಲೆಯೇ ಮನೆ ನಡೆಯುತ್ತಿತ್ತು.

ಆದರೆ ಅನಿಲನನ್ನು ಒಬ್ಬನನ್ನೇ ಬಿಡುವಂತಿರಲಿಲ್ಲ. ಎಂಜಲು ಗಂಟಲಿಗೆ ಸಿಕ್ಕಿ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿತ್ತು. ಆಗ ತಕ್ಷಣ ಎತ್ತಿ ಕೂರಿಸಿ ಬೆನ್ನು ತಟ್ಟಬೇಕು. ಅವನ ತಾಯಿ ಪಿಳ್ಳಮ್ಮನಿಗೆ ಮಗನನ್ನು ಎತ್ತುವ ತ್ರಾಣವಿಲ್ಲ. ಬೀದಿಕೋಣೆಗೇ ಮಂಚ ಹಾಕೋಣವೆಂದರೆ ಬಚ್ಚಲು ಹಿಂದೆ, ನಡುವೆ ಹೊಸ್ತಿಲ ಮೇಲೆ ಹೊಸ್ತಿಲು. ಮೊಬೈಲಿನ ಸಿಗ್ನಲ್ ಆ ಗೋಡೆಗಳ ಒಳಗೆ ಇಣುಕಿಯೂ ನೋಡುತ್ತಿರಲಿಲ್ಲ. ಹಾಗಾಗಿ ಬಿಂದು ಬೀದಿಕೋಣೆಯಲ್ಲಿ ಕೂತು ಒಂದು ಕಿವಿಯನ್ನು ಗಿರಾಕಿಗೆ, ಇನ್ನೊಂದನ್ನು ಹಿಂದಿನ ಕೋಣೆಗೆ ಕೊಟ್ಟಿದ್ದಳು. ಅತ್ತೆ ಕೂಗಿದ ಕೂಡಲೇ ಹೆಡ್‌ಫೋನ್ ಕಿತ್ತೆಸೆದು ಓಡುತ್ತಿದ್ದಳು. ಲ್ಯಾಪ್‌ಟಾಪನ್ನು ಮಂಚದ ಪಕ್ಕಕ್ಕೆ ಒಯ್ದರೆ ಗಿರಾಕಿಯ ಮಾತು ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು.

ಕಂಪನಿ ಎಷ್ಟು ದಿನ ಸಹಿಸೀತು? ಅವಳ ಮೇಲ್ವಿಚಾರಕಿ ಯಶಶ್ರೀ ವಯಸ್ಸಿನಲ್ಲಿ ಚಿಕ್ಕವಳು, ಕೆಟ್ಟವಳೇನಲ್ಲ. ಬರುವ ಸೋಮವಾರ ಬಿಂದುವಿನ ಕರೆಗಳನ್ನೆಲ್ಲ ಮೇಲಿನವರು ಕೂತು ಕೇಳುತ್ತಾರೆ, ಲೈನು ಕಡಿಯಬಾರದು, ಹಿನ್ನೆಲೆಯಲ್ಲಿ ಬೇರೆ ಯಾರ ದನಿಯೂ ಬರಬಾರದು, ಬಂದರೆ ಮಾರನೆಯ ದಿನದಿಂದಲೇ ವೈಟ್‌ಫೀಲ್ಡಿನ ಆಫೀಸಿಗೆ ಹೋಗಬೇಕು ಎಂದು ತಿಳಿಸಿದಳು. ಕೊನೆಗೆ ದನಿ ತಗ್ಗಿಸಿ ಇಷ್ಟು ಸೇರಿಸಿದಳು: "ನಿಮ್ ಪರವಾಗಿ ನಾನು ಹೇಳೋದೆಲ್ಲ ಹೇಳಾಯ್ತು ಮೇಡಂ. ಇನ್ನು ನನ್ ಕೈಲಿಲ್ಲ."

ವೈಟ್‌ಫೀಲ್ಡಿಗೆ ಹೋಗಿ ಬರುವುದೆಂದರೆ ದಿನವೆಲ್ಲ ಮುಗಿದಂತೆ. ಅಷ್ಟರಲ್ಲಿ ಒಮ್ಮೆ ಅನಿಲನ ಉಸಿರು ಕಟ್ಟಿದರೆ? ಕೆಲಸ ಬಿಟ್ಟರೆ ಅವನ ಔಷಧಿ? ಬಿಂದು ಅಂದು ಸಾರಿಗೆ ಉಪ್ಪು ಹಾಕಿದ್ದಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮೊದಲು ಎಲೆಕ್ಟ್ರಾನಿಕ್ ಅಂಗಡಿಗಳ ಎಸ್.ಪಿ. ರಸ್ತೆಗೆ ಓಡಿ ಒಂದು ರಿಪೀಟರ್ ತಂದಳು. ಮುಂದಿನ ಕೋಣೆಯ ವೈಫೈಯನ್ನು ಹಿಡಿದು ಹಿಂದಕ್ಕೆ ದಾಟಿಸುತ್ತದೆ ಎಂದು ಅಂಗಡಿಯವನು ಹೇಳಿದ್ದ. ಆ ಮನೆಯಲ್ಲಿ ಬೆಲೆಬಾಳುವ ವಸ್ತುವೆಂದರೆ ಅದರ ಜಾಗ ನಡುಮನೆಯ ಕಬ್ಬಿಣದ ಬೀರುವಿನ ನೆತ್ತಿ. ಮಾವನ ರೇಡಿಯೋ ಅಲ್ಲೇ ಇತ್ತು, ಬೆಳ್ಳಿ ಹರಿವಾಣದ ಪೆಟ್ಟಿಗೆ ಅಲ್ಲೇ ಇತ್ತು. ರಿಪೀಟರೂ ಅಲ್ಲಿಗೇ ಏರಿತು. ಫೋನಿನಲ್ಲಿ ಗೆರೆಗಳೇನೋ ತುಂಬಿ ಬಂದವು. ಬಿಂದು ಗೆದ್ದೆನೆಂದುಕೊಂಡು ಮಂಚದ ಪಕ್ಕ ಕೂತು ಕರೆ ತೆಗೆದುಕೊಂಡಳು. ಕ್ಯಾನ್ಸರಿನ ಬಿಲ್ಲು ಹಿಡಿದು ಅಳುತ್ತಿದ್ದ ಹೆಂಗಸೊಬ್ಬಳು ಮಾತಿನ ಮಧ್ಯದಲ್ಲಿ ಮಾಯವಾದಳು.

ಅಂದಿನಿಂದ ಬಿಂದುವಿಗೆ ಒಂದು ಥರದ ಹುಚ್ಚು ಹಿಡಿಯಿತು. ಬಿಡುವಾದಾಗಲೆಲ್ಲ ಫೋನು ಹಿಡಿದು ಗೋಡೆ ಗೋಡೆಗೂ ನಿಂತು ವೇಗ ಅಳೆದಳು, ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದಳು. ಬೀರುವಿನ ಕಬ್ಬಿಣವೇ ಅರ್ಧ ನುಂಗುತ್ತಿತ್ತು. ಉಳಿದರ್ಧದಲ್ಲೂ ರಿಪೀಟರ್ ತನಗೆ ತಲುಪಿದ್ದನ್ನಷ್ಟೇ ಹಂಚಬಲ್ಲದು, ಗೋಡೆಯಾಚೆಯಿಂದ ಅದಕ್ಕೆ ತಲುಪುತ್ತಿದ್ದದ್ದೇ ಚೂರುಪಾರು. ಅವಳಿಗೆ ಬೇಕಾಗಿದ್ದದ್ದು ಆಕ್ಸೆಸ್ ಪಾಯಿಂಟ್: ಬೀದಿಕೋಣೆಯ ರೌಟರಿನಿಂದ ವೈರು ಎಳೆದು ತಂದು, ಹಿಂದಿನ ಕೋಣೆಯಲ್ಲೇ ಹೊಸದಾಗಿ ವೈಫೈ ಬಿಡುವ ಯಂತ್ರ. ಮತ್ತೆ ಎಸ್.ಪಿ. ರಸ್ತೆಗೆ ಹೋದಳು. ಅಂಗಡಿಯವನು ಕೊಂಬು ಕೊಂಬಿನ ಯಂತ್ರಗಳನ್ನು ತೋರಿಸಿದ. ಹಿಂದಿನ ಕೋಣೆಯಲ್ಲಿ ಇದ್ದದ್ದೇ ಒಂದು ಪ್ಲಗ್ಗು, ಅದು ಅನಿಲನ ಗಾಳಿಹಾಸಿಗೆಯ ಪಂಪಿನದು. ಆದ್ದರಿಂದ ಅವಳು ಕರೆಂಟೂ ಅದೇ ವೈರಿನಲ್ಲಿ ಹರಿದು ಬರುವಂಥ, ತಟ್ಟೆಯಾಕಾರದ ಬಿಳಿಯದೊಂದನ್ನು ಆರಿಸಿದಳು. ಮನೆಯಲ್ಲಿ ಅದನ್ನು ಕಂಡ ಪಿಳ್ಳಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಯಾಕೆ ತಂದೆಯೆಂದು ಕೇಳಿದರು.

ವೈರು ಎಳೆಯಲು ಕೇಬಲ್ಲಿನ ಸತೀಶ್ ಬಂದಾಗ ಭಾನುವಾರವಾಗಿತ್ತು. ಮನೆಯ ಎರಡೂ ಮಗ್ಗುಲಿಗೆ ನೆರೆಮನೆಗಳು ಅಂಟಿಕೊಂಡಿದ್ದವು, ಹೊರಗಿನಿಂದ ಎಳೆಯುವಂತಿರಲಿಲ್ಲ. ದೇವರಮನೆಯವರೆಗೆ ಬಾಗಿಲುಗಳ ಮೇಲಿನ ಕಿಂಡಿಗಳಲ್ಲಿ ವೈರು ಬಂದಿತು, ಹಿಂದಿನ ಕೋಣೆಯ ಗೋಡೆಗೆ ಬಂದು ನಿಂತಿತು. ನೆಲದ ಮೇಲೆ ಹಾಸಿ ನೋಡಿದ. ಅನಿಲನನ್ನು ಬಚ್ಚಲಿಗೆ ಒಯ್ಯುತ್ತಿದ್ದ ಗಾಲಿಕುರ್ಚಿ ವೈರಿಗೆ ಸಿಕ್ಕಿ ಅವನು ಮುಗ್ಗರಿಸಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಬಾಗಿಲ ಸಂದಿನಲ್ಲಿ ತೂರಿಸಿದ. ಹಳೆಯ ತೇಗದ ಕದ ಅದನ್ನು ಅಡಿಕೆಯಂತೆ ಕತ್ತರಿಸಿತು. ಗೋಡೆಗೆ ಡ್ರಿಲ್ ಇಟ್ಟ. ಮನೆಯೆಲ್ಲ ಗುಯ್ಯೆಂದಿತು, ಗಾರೆಯ ಪುಡಿ ಸುರಿಯಿತು, ಡ್ರಿಲ್ಲಿನ ಮೂತಿ ಪೂರ್ತಿ ಒಳಗೆ ಹೋದರೂ ಗೋಡೆ ಮುಗಿಯಲಿಲ್ಲ. ಮೂರು ಕಡೆ ಪ್ರಯತ್ನಿಸಿ ಸತೀಶ್ ಕೈಚೆಲ್ಲಿದ. ಉದ್ದನೆಯ ಮೂತಿ ನಾಳೆ ತರಬಹುದೆಂದ. ನಾಳೆಯೆಂದರೆ ಸೋಮವಾರ.

ಬಿಂದು ಮಂಚದ ತುದಿಯಲ್ಲಿ ಕುಸಿದು ಕೂತಳು. ಅನಿಲನ ತಲೆಯ ಮೇಲಿನ ಗೋಡೆಯಲ್ಲಿ ಎಣ್ಣೆಯ ಜಿಡ್ಡಿನ ಕಲೆಯೊಂದಿತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿದರೂ ಯುಗಾದಿಯ ಹೊತ್ತಿಗೆ ಮತ್ತೆ ಮೂಡುವ ಕಲೆ. ಅದನ್ನು ತಿಕ್ಕಿ ತಿಕ್ಕಿ ಅವಳ ಕೈ ಸವೆದಿತ್ತು. ಅಂದು ಅದನ್ನು ನೋಡುತ್ತ ಕೂತವಳಿಗೆ ಥಟ್ಟನೆ ಹೊಳೆಯಿತು. ಗೋಡೆಯ ಆ ಬದಿ ದೇವರಮನೆ. ಅಲ್ಲಿ ಗೋಡೆಯನ್ನು ಕೊರೆದು ಮಾಡಿದ ದೀಪದ ಗೂಡು. ಎಣ್ಣೆ ಈಚೆಗೆ ಒಸರಬೇಕಾದರೆ ಅಲ್ಲಿ ಉಳಿದಿರುವ ಗೋಡೆ ಬರೀ ಒಂದು ಗೇಣು.

ಹೊಳೆದದ್ದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಆ ಗೂಡಿನ ದೀಪ ಪಿಳ್ಳಮ್ಮ ಸೊಸೆಯಾಗಿ ಬಂದ ಸಂಜೆ ಹಚ್ಚಿದ್ದು. ಮನೆಯಲ್ಲಿ ಸೂತಕವಾದಾಗ ಬಿಟ್ಟರೆ ಎಂದೂ ತಪ್ಪಿಸಿದವರಲ್ಲ. ಅದನ್ನು ಒರೆಸುವುದಕ್ಕೂ ಸೊಸೆಗೆ ಬಿಡುತ್ತಿರಲಿಲ್ಲ. ಅಂಥ ಜಾಗಕ್ಕೆ ಡ್ರಿಲ್ ಹಾಕಲೇ ಎಂದು ಕೇಳುವುದು ಹೇಗೆ? ಬಿಂದು ದೇವರಮನೆಯ ಬಾಗಿಲಲ್ಲಿ ನಿಂತು ಗೂಡನ್ನೇ ನೋಡಿದಳು. ಪಿಳ್ಳಮ್ಮ ಸೊಸೆಯ ಮುಖ ನೋಡಿದರು, ಡ್ರಿಲ್ ಹಿಡಿದು ನಿಂತಿದ್ದ ಸತೀಶನನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ದೀಪವನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗೆ ಮಣೆಯ ಮೇಲಿಟ್ಟರು.

"ದೀಪ ಎಲ್ಲಿಟ್ರೂ ಉರಿಯುತ್ತೆ ಕಣಮ್ಮ," ಎಂದರು. "ನೀನು ಅವನ ಹತ್ರ ಇದ್ರೆ ಸಾಕು."

ಡ್ರಿಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ದೀಪ ಉರಿಯುತ್ತಿದ್ದ ಕಡೆಯಿಂದ ವೈರು ಬಂದಿತು, ಜಿಡ್ಡಿನ ಕಲೆಯ ಮೇಲೆ ಬಿಳಿಯ ತಟ್ಟೆ ಕೂತಿತು, ಅದರಲ್ಲೊಂದು ನೀಲಿ ದೀಪ ಹತ್ತಿತು. ಬಿಂದು ಅತ್ತೆಯ ಕಾಲು ಮುಟ್ಟಲು ಬಗ್ಗಿದರೆ ಅವರು, ಪುಡಿ ಗುಡಿಸುವುದು ಯಾರು ಎಂದು ಗದರಿಸಿ ಹೋದರು.

ಆ ಸಂಜೆಯೆಲ್ಲ ಬಿಂದು ಗಂಡನಿಗೆ ಪಾಠ ಮಾಡಿದಳು. ಅವನಿಗೆ ಮಾತಿಲ್ಲದಿದ್ದರೂ ಆಗಾಗ ಹೂಂಕರಿಸುತ್ತಿದ್ದ, ನರಳುತ್ತಿದ್ದ. ಹೆಡ್‌ಫೋನ್ ತಲೆಗೇರಿತೆಂದರೆ ಸದ್ದು ಮಾಡಬಾರದು ಎಂದು ಹೇಳಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಎಡಗಣ್ಣು ಮಿಟುಕಿಸಿ ಒಪ್ಪಿದ. ಹರಾಜು ಕೂಗುತ್ತಿದ್ದ ಗಂಡಸಿಗೆ ಬಾಯಿಗೆ ಬೀಗ ಹಾಕುವ ಪಾಠ. ಆದರೂ ಬಿಡದೆ ಮತ್ತೆ ಮತ್ತೆ ಮಾಡಿಸಿದಳು.

ಸೋಮವಾರ ಲೈನು ಗಾಜಿನಷ್ಟು ಸ್ವಚ್ಛವಾಗಿತ್ತು. ಕರೆಯ ಮೇಲೆ ಕರೆ ಬಂದರೂ ಒಂದೂ ಕಡಿಯಲಿಲ್ಲ. ಮಧ್ಯೆ ಅನಿಲನಿಗೆ ಗಂಟಲು ಕಟ್ಟುವ ಸೂಚನೆ ಕಂಡಿತು. ಅವಳು ಮಾತಾಡುತ್ತಲೇ ಒಂದು ಕೈಯಿಂದ ಅವನನ್ನು ಎತ್ತಿ ಒರಗಿಸಿದಳು. ಗಿರಾಕಿಗೆ ಏನೂ ತಿಳಿಯಲಿಲ್ಲ. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಒದ್ದಾಡಿದ್ದು ಎಂದು ಅವಳ ಎದೆ ತುಂಬಿತು.

ಮಧ್ಯಾಹ್ನದ ಕರೆ ಗಂಗಾಧರಯ್ಯ ಎಂಬ ಮುದುಕರದು. ಹೆಂಡತಿಯ ಆಪರೇಷನ್ ಬಿಲ್ಲು ತಿರಸ್ಕಾರವಾಗಿತ್ತು. ಅವರು ಬಿಲ್ಲಿನ ಒಂದೊಂದು ಸಾಲನ್ನೂ ಓದಿ ಹೇಳತೊಡಗಿದರು. ಬಿಂದು ತಾಳ್ಮೆಯಿಂದ ಕೇಳುತ್ತಿದ್ದಳು. ಆಗ ಪಕ್ಕದಲ್ಲಿ ಅನಿಲ್ ಅಲುಗಾಡಿದ. ಅವನ ಕಣ್ಣು ಅವಳ ಮೇಲೆಯೇ ಇತ್ತು. ತುಟಿ ಕೂಡಿತು, ಕತ್ತಿನ ನರ ಉಬ್ಬಿತು.

"ಬಿಂ," ಎಂದ.

ನರಳಿಕೆಯಲ್ಲ, ಹೂಂಕಾರವಲ್ಲ. ಅವಳ ಹೆಸರಿನ ಅರ್ಧ. ಮತ್ತೆ ಉಸಿರೆಳೆದುಕೊಂಡ. ಈ ಸಲ ಅದು ಜೋರಾಗಿ ಬರಲಿತ್ತು, ಹಳೆಯ ಗಂಟಲಿನಲ್ಲಿಯೇ ಬರಲಿತ್ತು. ಅವಳಿಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಗಳಿಗೆಯಲ್ಲೇ ಅವಳ ಕೈ ಹೋಗಿ ಅವನ ಬಾಯಿಯನ್ನು ಮುಚ್ಚಿತು.

ಅಂಗೈಯ ಕೆಳಗೆ ತುಟಿಗಳು ಸ್ವಲ್ಪ ಹೊತ್ತು ಮಿಸುಕಾಡಿ ಸುಮ್ಮನಾದವು.

"ಹೇಳಿ ಸರ್, ನಾನು ಕೇಳಿಸ್ಕೊಳ್ತಾ ಇದೀನಿ," ಎಂದಳು ಬಿಂದು, ಗಂಗಾಧರಯ್ಯನವರಿಗೆ.

ಕೆಲಸ ಮುಗಿಯುವ ಹೊತ್ತಿಗೆ ಯಶಶ್ರೀ ಫೋನು ಮಾಡಿದಳು. ಮೇಲಿನವರಿಗೆ ಒಪ್ಪಿಗೆಯಾಗಿತ್ತು. ಒಂದು ಕರೆಯಲ್ಲಿ ಏನೋ ಸಣ್ಣ ಸದ್ದು ಬಂತಂತೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಬಿಂದು ಇನ್ನು ಮನೆಯಿಂದಲೇ ಕೆಲಸ ಮಾಡಬಹುದು. ಪಿಳ್ಳಮ್ಮ ಕೇಳಿ ಮಣೆಯ ಮೇಲಿನ ದೀಪಕ್ಕೆ ಕೈಮುಗಿದರು.

ಬಿಂದು ಹೆಡ್‌ಫೋನ್ ತೆಗೆದಿಟ್ಟು ಮಂಚದ ಮೇಲೆ ಕೂತಳು. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ರೀ, ಈಗ ಹೇಳ್ರೀ. ಯಾರೂ ಇಲ್ಲ. ಎಷ್ಟು ಬೇಕಾದ್ರೂ ಜೋರಾಗಿ ಕೂಗಿ. ಆಗ ಏನೋ ಹೇಳಕ್ಕೆ ಬಂದ್ರಲ್ಲ, ಅದನ್ನೇ ಹೇಳಿ."

ಅನಿಲ್ ಅವಳನ್ನು ನೋಡಿದ. ಎಡಗೈಯನ್ನು ಮೆಲ್ಲಗೆ ಎತ್ತಿ, ಅವಳೇ ಕಲಿಸಿದ ಹಾಗೆ, ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡ.