ಹುಳದ ಮನೆಯ ಮೂಲೆ

ಆಗೆಲ್ಲ ನಮ್ಮ ಸಾದಲಿ ಕಡೆ ರೇಷ್ಮೆ ಹುಳಕ್ಕೆಂದು ಬೇರೆ ಮನೆ ಇರಲಿಲ್ಲ. ನಾವು ಉಣ್ಣುವ, ಮಲಗುವ ಮನೆಯೇ ಹುಳದ ಮನೆ. ಹುಳ ಬಂತೆಂದರೆ ಅವು ಮನೆಯವರು, ನಾವು ನೆಂಟರು. ಸಾರಿಗೆ ಒಗ್ಗರಣೆ ಹಾಕುವಂತಿಲ್ಲ, ವಾಸನೆಯ ಸೋಪು ಮುಟ್ಟುವಂತಿಲ್ಲ. ವಾಸನೆ ತಗುಲಿದರೆ ಹುಳ ಮೇವು ಬಿಡುತ್ತವೆಂಬ ನಂಬಿಕೆ.

ಈ ಕಟ್ಟಳೆ ಕಾಯುತ್ತಿದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ. ಹುಳದ ತಟ್ಟೆಗಳ ಪಕ್ಕದ ಮೂಲೆಯೇ ಅವಳು ಮಲಗುವ ಜಾಗ. ಹೊಗೆಸೊಪ್ಪಿನ ಕಡ್ಡಿಪುಡಿ ಬಾಯಿಗೆ ಹಾಕುತ್ತಿದ್ದಳು, ಆದರೆ ಹುಳ ಮುಟ್ಟುವ ಮುಂಚೆ ಬಾಯಿ ಮುಕ್ಕಳಿಸಿ, ಬೂದಿ ಹಚ್ಚಿ ಕೈ ತೊಳೆಯುತ್ತಿದ್ದಳು. ಕಾಲಲ್ಲಿ ನಾರುವ ಹುಣ್ಣಾಗಿದ್ದ ತನ್ನ ತಂಗಿಯನ್ನೇ ಒಮ್ಮೆ ಹೊಸಿಲಾಚೆ ನಿಲ್ಲಿಸಿ, ಮಾತಾಡಿಸಿ ಕಳಿಸಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ಅವಳ ಕೆನ್ನೆಯೊಳಗೇ ಹುಣ್ಣೆದ್ದಿತು. ಬೆಂಗಳೂರಿನ ಡಾಕ್ಟರು ಕ್ಯಾನ್ಸರ್ ಎಂದರು. ಕೈ ಮೀರಿದೆ, ಮನೆಯಲ್ಲಿ ಜನರ ನಡುವೆ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಕಳಿಸಿದರು. ಅಪ್ಪ ಅವಳನ್ನು ಬಸ್ಸಿಳಿಸಿ ಕರೆತಂದು ಕೂರಿಸಿದ್ದು ಹಿತ್ತಲಿನ ದನದ ಕೊಟ್ಟಿಗೆಯಲ್ಲಿ. ಹುಣ್ಣು ಒಡೆದು ನಾರುತ್ತಿತ್ತು. ಒಳಗೆ ಮನೆ ತುಂಬ ಹುಳ.

"ಗೂಡು ಕಟ್ಟೋಗಂಟ ತಡ್ಕೋಮ್ಮ. ಆಮೇಲೆ ಒಳಕ್ಕೆ ಕರ್ಕೊಂತೀನಿ," ಎಂದ ಅಪ್ಪ.

"ಆಗ್ಲಪ್ಪ, ನಾನೇ ಮಾಡಿದ ಕಟ್ಲೆ. ನನ್ ಮೂಲೇಲಿ ಚಾಪೆ ಹಾಸಿಡು ಸಾಕು. ಪ್ರಾಣ ಅಲ್ಲೇ ಹೋಗ್ಬೇಕು."

ಮಾಗಿಯ ಚಳಿ. ಒಳಗೆ ಹುಳ ಬೆಚ್ಚಗಿರಲೆಂದು ಕೆಂಡ ಇಡುತ್ತಿದ್ದರು. ಅಜ್ಜಿಗೆ ಒಂದು ಗೋಣಿತಾಟು. ರಾಗಿ ಗಂಜಿ ಒಯ್ಯುವುದು ನನ್ನ ಕೆಲಸ. ಮೂಗು ಹಿಡಿದುಕೊಂಡು ಹೋಗಿ ಬಟ್ಟಲಿಟ್ಟು ಓಡಿಬರುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಹುಳ ಹೆಂಗ್ ಮೇಯ್ತಾವೆ ಅಮ್ಮಣ್ಣಿ?" ಎಂದು ದಿನಾ ಕೇಳುತ್ತಿದ್ದಳು. "ಅವು ಸೊಪ್ಪು ಮೇಯೋ ಸದ್ದು ಕೇಳ್ದೆ ನಿದ್ದೆ ಬರಲ್ಲ ಕಣೇ."

ಒಂದು ಮಧ್ಯಾಹ್ನ ಸೊಪ್ಪಿನ ಸಮೇತ ಹತ್ತಿಪ್ಪತ್ತು ಹುಳಗಳನ್ನು ಲಂಗದ ಮಡಿಲಲ್ಲಿ ಕದ್ದು ತಂದೆ. ಅಜ್ಜಿ ಅಂಗೈ ಮೇಲೆ ಬಿಟ್ಟುಕೊಂಡು ಕಿವಿಯ ಹತ್ತಿರ ಹಿಡಿದಳು. ಅರ್ಧ ಬಾಯಲ್ಲಿ ನಕ್ಕಳು. ಅವತ್ತು ನಾನು ಮೂಗು ಹಿಡಿಯದೆ ಪಕ್ಕದಲ್ಲಿ ಕೂತೆ.

ಅಷ್ಟರಲ್ಲಿ ಅಪ್ಪ ಬಂದ. ನನ್ನನ್ನು ಹೊಡೆಯಲಿಲ್ಲ. ಅಜ್ಜಿಯ ಅಂಗೈಯಿಂದ ಹುಳಗಳನ್ನು ಒಂದೊಂದಾಗಿ ಆರಿಸಿ ಹಿತ್ತಲ ಕೋಳಿಗಳಿಗೆ ಎಸೆದ. "ಇವು ತಿರುಗಾ ಒಳಕ್ ಹೋದ್ರೆ ಬೆಳೆಯೆಲ್ಲಾ ಹೋಯ್ತದೆ," ಎಂದ. ಕೋಳಿಗಳು ಕುಕ್ಕಿ ತಿಂದದ್ದನ್ನು ಅಜ್ಜಿ ನೋಡುತ್ತಲೇ ಇದ್ದಳು. ಆಮೇಲೆ ಅವಳು ಹುಳದ ಮಾತೆತ್ತಲಿಲ್ಲ, ತನ್ನ ಮೂಲೆಯ ಮಾತನ್ನೂ ಎತ್ತಲಿಲ್ಲ.

ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟ ಮಾರನೆಯ ದಿನ ಅಜ್ಜಿ ತೀರಿಕೊಂಡಳು. ಆಚೆ ಸತ್ತವರನ್ನು ಒಳಗೆ ತರಬಾರದೆಂದರು ಹಿರಿಯರು. ಕೊಟ್ಟಿಗೆಯಿಂದಲೇ ತೋಟಕ್ಕೆ ಹೊತ್ತರು.

ಆ ಸಲ ಗೂಡು ಬಲು ಚೆನ್ನಾಗಿ ಬಂತು. "ಎಲ್ಲಾ ಅಮ್ಮನ ಆಶೀರ್ವಾದ," ಎಂದ ಅಪ್ಪ. ಎಲ್ಲರೂ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಅಪ್ಪ ಸಾಯುವವರೆಗೂ ಆ ಉರಿ ಆರಲಿಲ್ಲ.

ಈಗ ಹುಳಕ್ಕೆ ತೋಟದಲ್ಲೇ ಬೇರೆ ಮನೆಯಿದೆ. ಊರ ಮನೆಯಲ್ಲಿ ದಿನಾ ಒಗ್ಗರಣೆ ಘಮಘಮಿಸುತ್ತದೆ, ಯಾರೂ ಬೇಡವೆನ್ನುವುದಿಲ್ಲ. ನಾನು ಹೋದರೆ ತಮ್ಮನ ಹೆಂಡತಿ ಅಜ್ಜಿಯ ಮೂಲೆಯಲ್ಲೇ ಹಾಸಿಗೆ ಹಾಸುತ್ತಾಳೆ. "ಇಲ್ಲಿ ಬೆಚ್ಚಗಿರ್ತದೆ, ಮಲಕ್ಕೊಳಿ ಅಕ್ಕ," ಎನ್ನುತ್ತಾಳೆ. ಬೆಚ್ಚಗೇನೋ ಇರುತ್ತದೆ. ಹುಳ ಮೇಯುವ ಸದ್ದಿಲ್ಲ. ನಿದ್ದೆ ಬರುವುದಿಲ್ಲ.